ಮಾತು ಕೇಳುವವರು ಬೇಕಾಗಿದ್ದಾರೆ

ಮಾರ್ಚ್ ೯, ಸೋಮವಾರ

ಪ್ರೀತಿಯ ಅಕ್ಕನಿಗೆ ನಿನ್ನ ತಮ್ಮನ ನಮಸ್ಕಾರ.

ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯಲು ಹೋಗಿ ಎರಡು ಹಾಳೆ ಹರಿದು ಹಾಕಿದೆ. ಇದು ಮೂರನೆಯದು. ಆ ಸಾಲನ್ನೇ ಬಿಟ್ಟು ಮುಂದಕ್ಕೆ ಹೋಗುತ್ತೇನೆ. ಮೂರು ತಿಂಗಳಿಂದ ಪತ್ರವಿಲ್ಲ ಎಂದು ನೀನು ಬೈದುಕೊಂಡಿರುತ್ತೀಯ, ಬೈಸಿಕೊಳ್ಳಲು ನಾನು ಸಿದ್ಧ. ಫೋನ್ ಮಾಡಬಹುದಿತ್ತು. ಆದರೆ ನಿನ್ನ ಕಿವಿಗೆ ಬೀಳಬೇಕಾದರೆ ನಾನು ಕಿರುಚಬೇಕು, ಕಿರುಚಿದರೆ ಗೋಡೆಯಾಚೆ ಮಲಗಿರುವವಳಿಗೂ ಕೇಳಿಸುತ್ತದೆ. ಇದು ಕಿರುಚಿ ಹೇಳುವ ವಿಷಯವಲ್ಲ. ಅದಕ್ಕೇ ಕನ್ನಡಕದ ಅಂಗಡಿಯಲ್ಲಿ, ಮಧ್ಯಾಹ್ನದ ಬಿಡುವಿನಲ್ಲಿ, ಲೆನ್ಸು ಉಜ್ಜುವ ಯಂತ್ರದ ಪಕ್ಕ ಒಂದು ಮೊಳ ಜಾಗ ಮಾಡಿಕೊಂಡು ಬರೆಯುತ್ತಿದ್ದೇನೆ. ಹಾಳೆಯ ಮೇಲೆ ಬಿಳಿ ಪುಡಿ ಕಂಡರೆ ಅದು ಲೆನ್ಸಿನದು, ಕೊಡವಿಕೊಂಡು ಓದು.

ವಿಷಯ ನನ್ನ ಮಗಳದು, ನಮ್ಮ ರೇಡಿಯೋದು. ಎರಡು ವರ್ಷದವಳಿದ್ದಾಗ ಈ ಮಗುವಿನ ಬಾಯಿ ನಿಲ್ಲುವುದೇ ಇಲ್ಲ ಎಂದು ನೀನಿಟ್ಟ ಹೆಸರು. ಇಪ್ಪತ್ತನಾಲ್ಕಾದರೂ ಮನೆಯಲ್ಲಿ ಅದೇ ಹೆಸರು ನಡೆಯುತ್ತಿದೆ. ಕಟ್ಟು ಹಲ್ಲು ಮಾಡುವ ಲ್ಯಾಬಿನಲ್ಲಿ ಅವಳ ಕೈಗೆ ಒಳ್ಳೆಯ ಹೆಸರಿತ್ತು, ನಿನಗೆ ಗೊತ್ತು. ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುವಾಗ ಬೇಕೆಂದೇ ಒಂದನ್ನು ಸ್ವಲ್ಪ ಓರೆ ಇಡುತ್ತಿದ್ದಳು. "ತೀರಾ ಸಾಲಾಗಿದ್ರೆ ಕಟ್ಟಿಸಿದ್ದು ಅಂತ ಗೊತ್ತಾಗ್ಬಿಡುತ್ತಪ್ಪ" ಅನ್ನುತ್ತಿದ್ದಳು. ನವೆಂಬರಿನಲ್ಲಿ ಒಂದು ದಿನ ಹನ್ನೊಂದು ಗಂಟೆಗೇ ಮನೆಗೆ ಬಂದಳು. ಬೆರಳ ಸಂದಿಯಲ್ಲಿ ಅಚ್ಚಿನ ಪ್ಲಾಸ್ಟರ್ ಪುಡಿ ಹಾಗೇ ಇತ್ತು. ಕೈ ತೊಳೆಯದೆ ಮಲಗಿದಳು. ಮಾರನೆಯ ದಿನ ಹೋಗಲಿಲ್ಲ. ಆಮೇಲೆ ಹೋಗಲೇ ಇಲ್ಲ.

"ಯಾರಾದ್ರೂ ಏನಾದ್ರೂ ಅಂದ್ರಾ?" ಎಂದು ಕೇಳಿದೆ. ಇಲ್ಲವಂತೆ. ಲ್ಯಾಬಿನ ಮಾಲೀಕರನ್ನು ಹೋಗಿ ವಿಚಾರಿಸಿದೆ, ಅವರು ನನಗಿಂತ ಗಾಬರಿಯಾದರು. ಯಾರನ್ನಾದರೂ ಮೆಚ್ಚಿಕೊಂಡು ಕೆಟ್ಟಿತೇ ಎಂದು ಇವಳು, ನನ್ನ ಹೆಂಡತಿ, ಮೆತ್ತಗೆ ಕೇಳಿ ನೋಡಿದಳು. "ಅಯ್ಯೋ ಅಮ್ಮ, ಹಾಗಾದ್ರೂ ಇದ್ದಿದ್ರೆ ನಿಮಗೆ ಹೇಳೋದಕ್ಕೆ ಏನಾದ್ರೂ ಇರ್ತಿತ್ತು" ಅಂದಳಂತೆ. ಒಂದು ಕಾರಣ ಸಿಕ್ಕಿದ್ದರೆ ಅದರ ಕುತ್ತಿಗೆ ಹಿಡಿಯಬಹುದಿತ್ತು ಅಕ್ಕ. ಕಾರಣವೇ ಇಲ್ಲ. ಸ್ನಾನ ಮಾಡು ಎಂದರೆ ಮಾಡುತ್ತಾಳೆ, ಹೇಳದಿದ್ದರೆ ಇಲ್ಲ. ತಟ್ಟೆ ಮುಂದೆ ಇಟ್ಟರೆ ನಾಲ್ಕು ತುತ್ತು ತಿನ್ನುತ್ತಾಳೆ. ಚಹಾದ ಲೋಟ ಹಿಡಿದು ಕೂತರೆ ಅದು ಆರಿ ಕೆನೆ ಕಟ್ಟುವವರೆಗೂ ಹಾಗೇ ಕೂತಿರುತ್ತಾಳೆ. ಕಳೆದ ತಿಂಗಳು ಒಂದು ಬೆಳಿಗ್ಗೆ ಎಬ್ಬಿಸಲು ಹೋದಾಗ, ಕಣ್ಣು ಬಿಟ್ಟು, ಸಿಟ್ಟಿಲ್ಲದೆ ಅಳುವಿಲ್ಲದೆ, ಹೊರಗೆ ಬಿಸಿಲು ಬಂದಿದೆಯಾ ಎಂದು ಕೇಳುವ ಧ್ವನಿಯಲ್ಲಿ ಹೇಳಿದಳು: "ಎದ್ದೇಳದೆ ಇದ್ದುಬಿಟ್ರೆ ಚೆನ್ನಾಗಿರುತ್ತೆ ಅಲ್ವಾಪ್ಪ?"

ಅವತ್ತು ನಾನು ಅಂಗಡಿಯಲ್ಲಿ ಮೂರು ಜೊತೆ ಗಾಜು ಹಾಳು ಮಾಡಿದೆ.

ನಮ್ಮ ಖಾಯಂ ಡಾಕ್ಟರ ಬಳಿಗೆ ಮೊದಲು ಕರೆದುಕೊಂಡು ಹೋದೆವು. ನಾಡಿ ನೋಡಿದರು, ನಾಲಿಗೆ ನೋಡಿದರು, ರಕ್ತ ಪರೀಕ್ಷೆಗೆ ಬರೆದರು. ಎಲ್ಲ ಸರಿಯಿತ್ತು. "ವಿಟಮಿನ್ ಕೊಡ್ತೀನಿ. ಸುಮ್ನೆ ಕೂತಿದ್ರೆ ತಲೆಗೆ ಇಲ್ಲದ್ದೆಲ್ಲಾ ಬರುತ್ತೆ, ಏನಾದ್ರೂ ಕೆಲಸ ಹಚ್ಚಿ" ಅಂದರು. ಹೊರಗೆ ಬಂದ ಮೇಲೆ ಅವಳು, "ಅವರು ಪಾಪ, ಅವರಿಗೇನು ಗೊತ್ತು" ಅಂದಳು. ಡಾಕ್ಟರರ ಬಗ್ಗೆ ಅವಳು ಮರುಕಪಟ್ಟಳು, ನೋಡು.

ಮನಸ್ಸಿನ ವಿಷಯ ಕೂತು ಮಾತಾಡುವವರು ಈಗ ಎಲ್ಲ ಊರಲ್ಲೂ ಇದ್ದಾರೆ, ಕೌನ್ಸೆಲಿಂಗ್ ಅನ್ನುತ್ತಾರೆ, ಫೋನಿನಲ್ಲಿ ಹುಡುಕಿದರೆ ಸಿಗುತ್ತಾರೆ ಎಂದು ಇವಳು ಪಾಠ ಹೇಳುವ ಶಾಲೆಯ ಹೆಡ್ಮಿಸ್ಟ್ರೆಸ್ ಹೇಳಿದರು. ಹುಡುಕಿದೆ. 'ನಿಮ್ಮ ಹತ್ತಿರ' ಎಂದು ಹದಿನೇಳು ಹೆಸರು ಬಂದವು. ನನ್ನ ಎದೆ ಎಷ್ಟು ಹಗುರಾಯಿತು ಎನ್ನುತ್ತೀ! ಒಂದು ವಿಳಾಸಕ್ಕೆ ಹೋದರೆ ಅದು ಹಾಸಿಗೆ ಅಂಗಡಿ. ಇನ್ನೊಂದು ಕಡೆ ಕಾರು ಓಡಿಸಲು ಕಲಿಸುತ್ತಾರೆ, ಜೊತೆಗೆ ಆತ್ಮವಿಶ್ವಾಸವನ್ನೂ ಕಲಿಸುತ್ತಾರಂತೆ. ಐದು ನಂಬರು ಚಾಲ್ತಿಯಲ್ಲಿಲ್ಲ. ಇಬ್ಬರು ದೊಡ್ಡ ಊರಿಗೆ ಹೋಗಿ ವರ್ಷವಾಗಿದೆ. ಕಂಪ್ಯೂಟರಿನಲ್ಲಿ ಮುಖ ನೋಡಿಕೊಂಡು ಮಾತಾಡಬಹುದು ಎಂದು ಒಬ್ಬರು ಹೇಳಿದರು. ಅವಳು ಕನ್ನಡಿಯನ್ನೇ ನೋಡುವುದಿಲ್ಲ, ಇನ್ನು ಕಂಪ್ಯೂಟರಿನಲ್ಲಿ ತನ್ನ ಮುಖ ನೋಡಿಕೊಂಡು ಏನು ಮಾತಾಡಿಯಾಳು?

ಹದಿಮೂರನೆಯ ನಂಬರಿಗೆ ಒಬ್ಬ ವಯಸ್ಸಾದವರು ಫೋನು ಎತ್ತಿದರು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಅಪ್ಪಾ, ನಾನು ಡಾಕ್ಟರಲ್ಲ. ನಂದು ಪಂಕ್ಚರ್ ಅಂಗಡಿ" ಅಂದರು. ಯಾವುದೋ ಪಟ್ಟಿಯಲ್ಲಿ ಒಂದು ಅಂಕಿ ತಪ್ಪಾಗಿ ಅಚ್ಚಾಗಿ, ಎರಡು ವರ್ಷದಿಂದ ಅವರಿಗೆ ಇಂಥ ಫೋನುಗಳೇ ಬರುತ್ತಿವೆಯಂತೆ. "ಮೊದಮೊದಲು ರೇಗ್ತಿದ್ದೆ. ಒಂದು ಸಲ ಒಬ್ಬ ಹೆಂಗಸು ಅಳೋಕೆ ಶುರು ಮಾಡಿದ್ಲು. ಇಡೋಕೆ ಮನಸ್ಸು ಬರಲಿಲ್ಲ. ಆಮೇಲಿಂದ ಎಲ್ಲಾರದ್ದೂ ಕೇಳ್ತೀನಿ. ಹೇಳೋಕೆ ನನಗೇನೂ ಬರಲ್ಲ." ಹಿಂದೆ ಗಾಳಿ ತುಂಬುವ ಯಂತ್ರ ಧಡಧಡ ಅನ್ನುತ್ತಿತ್ತು. "ನಿಮ್ಮ ಹುಡುಗಿ ಊಟ ಮಾಡ್ತಾಳಾ?" ಎಂದು ಕೇಳಿದರು. ಸ್ವಲ್ಪ ಮಾಡುತ್ತಾಳೆ ಎಂದೆ. "ಹಾಗಿದ್ರೆ ಬಿಡಬೇಡಿ, ಹುಡುಕಿ" ಅಂದರು. ಹದಿನೇಳು ಹೆಸರಿನಲ್ಲಿ ನನ್ನ ಮಾತು ಕೇಳಿದವರು ಇವರೊಬ್ಬರೇ.

ನೀನು ಹಾಸ್ಟೆಲು ನೋಡಿಕೊಳ್ಳುತ್ತಾ ನೂರಾರು ಹೆಣ್ಣುಮಕ್ಕಳನ್ನು ನೋಡಿದವಳು. ಇಂಥವರಿಗೆ ಏನು ಮಾಡಬೇಕು ಎಂದು ನಿನಗೆ ತಿಳಿದೀತು. ಬೇಗ ಬರೆ.

ನಿನ್ನ ಆಶೀರ್ವಾದ ಬೇಡುವ,
ಗಿಡ್ಡ

(ಐವತ್ತೆರಡಾಯಿತು, ನಿನಗಿಂತ ಒಂದು ಗೇಣು ಎತ್ತರವಾದೆ, ಆದರೂ ನಿನಗೆ ನಾನು ಗಿಡ್ಡನೇ.)



ಮೇ ೧೮, ಸೋಮವಾರ

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ತಡವಾದದ್ದಕ್ಕೆ ಕ್ಷಮೆ ಕೇಳುವುದಕ್ಕೂ ಈಗ ನಾಚಿಕೆ. ನಾಲ್ಕೇ ಸಾಲು ಬರೆದಿದ್ದೆ ನೀನು. ಅದರಲ್ಲಿ ಒಂದು ಸಾಲನ್ನು ನಾನು ಮತ್ತೆ ಮತ್ತೆ ಓದಿದೆ. "ಮನೆಯ ಮಾತನ್ನು ಗೊತ್ತಿಲ್ಲದವರ ಮುಂದೆ ಹರಡಬೇಡ, ಹೆಣ್ಣುಮಗು, ಮುಂದೆ ತೊಂದರೆಯಾಗುತ್ತದೆ, ಪ್ರೀತಿಯಿಂದ ನೋಡಿಕೋ, ತಾನಾಗಿ ಸರಿಹೋಗುತ್ತಾಳೆ." ನೀನು ಹೇಳಿದ್ದನ್ನು ನಾನು ಯಾವತ್ತು ಮೀರಿದ್ದೇನೆ? ಒಂದು ವಾರ ಸುಮ್ಮನಿದ್ದೆ. ಪ್ರೀತಿಯಿಂದಲೇ ನೋಡಿಕೊಂಡೆವು. ಇವಳಂತೂ ಶಾಲೆಯಿಂದ ಬಂದವಳೇ ಅವಳ ಮಂಚದ ಅಂಚಿನಲ್ಲಿ ಕೂತು, ಆ ದಿನ ಮಕ್ಕಳು ಮಾಡಿದ ಚೇಷ್ಟೆಯನ್ನೆಲ್ಲ ಹೇಳುತ್ತಾಳೆ. ಅವಳು ಕೇಳುತ್ತಾಳೆ. ನಗಬೇಕಾದ ಕಡೆ ನಗುತ್ತಾಳೆ ಕೂಡ. ನಮಗೋಸ್ಕರ ಕಷ್ಟಪಟ್ಟು ಎತ್ತಿ ಇಟ್ಟ ನಗು ಅದು. ಪ್ರೀತಿ ಸಾಲುತ್ತಿಲ್ಲ ಅಕ್ಕ. ಕಣ್ಣಿಗೆ ಪೊರೆ ಬಂದವರಿಗೆ ನಾನು ಎಷ್ಟು ಪ್ರೀತಿಯಿಂದ ಕನ್ನಡಕ ಮಾಡಿಕೊಟ್ಟರೂ ಕಾಣುವುದಿಲ್ಲ.

ಕೊನೆಗೆ ದೊಡ್ಡಾಸ್ಪತ್ರೆಗೆ ಹೋದೆವು. ಅಲ್ಲಿ ಮನೋರೋಗದ ವಿಭಾಗ ಹುಡುಕುವುದೇ ಒಂದು ಕೆಲಸ. ಕೇಳಿದವರೆಲ್ಲ ದನಿ ತಗ್ಗಿಸಿ ಕೈ ತೋರಿಸುತ್ತಾರೆ. ಮೂಳೆ ಮುರಿದವರಿಗೆ ಪಟ್ಟಿ ಹಾಕುವ ಕೋಣೆ ದಾಟಿ, ಹಳೆ ಮಂಚಗಳನ್ನು ಪೇರಿಸಿಟ್ಟ ಮೊಗಸಾಲೆ ದಾಟಿ, ಕಟ್ಟಕಡೆಗೆ ಎರಡು ಕೋಣೆ. ಚೀಟಿ ಬರೆಯುವಾತ, "ಮೊದಲನೇ ಸಲಾನಾ? ಆರು ವಾರ ಆಗುತ್ತೆ" ಅಂದ. "ಅವಳು ಏಳೋದೇ ಬೇಡ ಅಂತಾಳೆ, ಆರು ವಾರ ಹೇಗಪ್ಪ ಕಾಯೋದು?" ಎಂದು ಕೇಳಿದೆ. ಆತ ಒರಟನಲ್ಲ. ತಲೆ ಎತ್ತಿ ನನ್ನನ್ನೂ ಅವಳನ್ನೂ ನೋಡಿದ. "ಸಾರ್, ಇಲ್ಲಿ ಕೂತಿರೋರೆಲ್ಲಾ ಅದನ್ನೇ ಹೇಳೋರು" ಅಂದ. ತಿರುಗಿ ನೋಡಿದೆ. ಬೆಂಚಿನ ತುಂಬ ಜನ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಆರು ವಾರ ಕಾದೆವು. ಡಾಕ್ಟರು ಚಿಕ್ಕ ವಯಸ್ಸಿನವರು, ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ನಿದ್ದೆ ಹೇಗೆ, ಹಸಿವು ಹೇಗೆ, ಸಾಯಬೇಕು ಅನ್ನಿಸುತ್ತದೆಯೇ ಎಂದು ಒಂದರ ಹಿಂದೊಂದು ಕೇಳಿದರು. ಅವಳು ಹೂಂ, ಇಲ್ಲ, ಒಂದೊಂದು ಸಲ ಎಂದು ಉತ್ತರ ಕೊಟ್ಟಳು. ಮಾತ್ರೆ ಬರೆದರು. ನಾಲ್ಕೋ ಐದೋ ನಿಮಿಷ ಆಗಿರಬೇಕು. "ಮಾತ್ರೆ ಜೊತೆ ಯಾರಾದ್ರೂ ಕೂತು ಮಾತಾಡಿಸಿದ್ರೆ ಬೇಗ ಗುಣ ಕಾಣುತ್ತೆ" ಅಂದರು. "ಇಲ್ಲಿ ಯಾರು ಮಾತಾಡಿಸ್ತಾರೆ ಸಾರ್?" ಎಂದೆ. "ಇಲ್ಲಿ ಆ ಹುದ್ದೆ ಖಾಲಿ ಇದೆ. ಹೊರಗಡೆ ನೋಡಿ" ಎಂದು ಮುಂದಿನವರನ್ನು ಕರೆದರು. ಹೊರಗಡೆ ನೋಡಿಯೇ ತಾನೇ ನಾನು ಒಳಗೆ ಬಂದದ್ದು.

ಮಾತ್ರೆಯಿಂದ ನಿದ್ದೆ ಬರುತ್ತಿದೆ. ಅಷ್ಟು ಮಟ್ಟಿಗೆ ಒಳ್ಳೆಯದೇ.

ಆಮೇಲೆ ನಡೆದದ್ದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಹೇಳಬೇಕು. ನಮ್ಮ ಅಂಗಡಿಯ ಸಾಲಿನಲ್ಲೇ, ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ, ಹೊಸದಾಗಿ ಒಂದು ಬೋರ್ಡು ಬಿತ್ತು. 'ಆಪ್ತ ಸಲಹೆ, ಎಲ್ಲ ವಯಸ್ಸಿನವರಿಗೆ.' ಊರೆಲ್ಲ ಹುಡುಕಿದ್ದು ಕಾಲ ಬುಡದಲ್ಲೇ ಇತ್ತಲ್ಲ ಎಂದು ಹಿಗ್ಗಿದೆ. ಅವಳನ್ನು ಪುಸಲಾಯಿಸಿ ಕರೆದೊಯ್ದೆ. ನಾನು ಮೆಟ್ಟಿಲ ಕೆಳಗೆ ನಿಂತಿದ್ದೆ. ಹತ್ತು ನಿಮಿಷಕ್ಕೆಲ್ಲ ಇಳಿದು ಬಂದಳು. ಮೇಲೆ ಕೂತಿದ್ದ ಹೆಂಗಸು ನಮ್ಮ ಅಂಗಡಿಯ ಗಿರಾಕಿಯಂತೆ. "ಓಹ್, ಕನ್ನಡಕದೋರ ಮಗಳಲ್ವಾ ನೀನು? ನಿಮ್ಮಪ್ಪ ಎಷ್ಟು ಒಳ್ಳೇವ್ರು! ಅಂಥಾ ಅಪ್ಪ ಇದ್ದೂ ನಿಂಗೇನಮ್ಮ ಚಿಂತೆ?" ಎಂದರಂತೆ.

ಅಷ್ಟಕ್ಕೇ ಮುಗಿದಿದ್ದರೆ ಸಹಿಸಬಹುದಿತ್ತು. ನಾಲ್ಕು ದಿನ ಬಿಟ್ಟು ಲ್ಯಾಬಿನ ಮಾಲೀಕರ ಹೆಂಡತಿ ಇವಳಿಗೆ ದಾರಿಯಲ್ಲಿ ಸಿಕ್ಕಿ, "ನಿಮ್ಮ ಹುಡುಗಿಗೆ ತಲೆ ಸರಿ ಇಲ್ವಂತೆ, ಹೌದಾ? ನಮಗೆ ಮೊದಲೇ ಹೇಳ್ಬಾರ್ದಾಗಿತ್ತಾ?" ಎಂದು ಕೇಳಿದರು. ಮಹಡಿಯ ಮೇಲಿಂದ ಮಾತು ಹೀಗೆ ಇಳಿದು ಬಂದಿದೆ. ನಾನು ಮೆಟ್ಟಿಲು ಹತ್ತಿ ಹೋಗಿ ಜಗಳ ಮಾಡಬೇಕೆಂದು ಹೊರಟೆ. ಮಗಳೇ ತಡೆದಳು. "ಬೇಡಪ್ಪ. ಹೋಗ್ಲಿ. ಸುಳ್ಳೇನೂ ಹೇಳಿಲ್ವಲ್ಲ." ಆಮೇಲೆ ಒಂದು ಮಾತು ಹೇಳಿ ಕದ ಮುಚ್ಚಿಕೊಂಡಳು. "ಇನ್ನು ಯಾರ ಹತ್ರಾನೂ ನನ್ನ ಕರ್ಕೊಂಡು ಹೋಗ್ಬೇಡಿ. ಪ್ರತಿ ಸಲ ಮೊದಲಿಂದ ಹೇಳೋಕೆ ನಂಗೆ ಆಗಲ್ಲ."

ಇವಳು ನನ್ನ ಮೇಲೆ ಮುನಿಸಿಕೊಂಡಿದ್ದಾಳೆ. "ಅತ್ತಿಗೆ ಹೇಳಿದ್ರು, ಹರಡಬೇಡಿ ಅಂತ. ನೀವು ಕೇಳಿದ್ರಾ?" ಎನ್ನುತ್ತಾಳೆ. ನೀನು ಹೇಳಿದ್ದೇ ನಿಜವಾಯಿತು ಅಕ್ಕ. ಆದರೆ ನಿಜವಾಗಿ ಏನು ಉಪಯೋಗ? ಹರಡದೆ ಇದ್ದರೂ ಅವಳು ಹಾಗೇ ಇದ್ದಳು. ಹರಡಿದ ಮೇಲೂ ಹಾಗೇ ಇದ್ದಾಳೆ. ದಿನಕ್ಕೆ ಇಪ್ಪತ್ತು ಜನರ ಕಣ್ಣಿನ ಮುಂದೆ ಲೆನ್ಸು ಹಿಡಿದು, ಇದು ಸ್ಪಷ್ಟವಾ, ಇದು ಸ್ಪಷ್ಟವಾ ಎಂದು ಕೇಳುತ್ತೇನೆ. ಯಾರೂ ತಪ್ಪಾಗಿ ಹೇಳುವುದಿಲ್ಲ. ಮಗಳ ಮುಂದೆ ನಿಂತರೆ ಏನು ಕೇಳಬೇಕು ಎಂಬುದೇ ತಿಳಿಯುವುದಿಲ್ಲ.

ಬಿಸಿಲು ಜೋರಾಗಿದೆ. ಮಂಡಿ ನೋವಿನಲ್ಲಿ ಹಾಸ್ಟೆಲಿನ ಮೆಟ್ಟಿಲು ಹತ್ತಿ ಇಳಿದು ಮಾಡಬೇಡ. ನಿನ್ನ ಆರೋಗ್ಯ ನೋಡಿಕೋ.

ನಿನ್ನ,
ಗಿಡ್ಡ



ಜುಲೈ ೩೧, ಶುಕ್ರವಾರ

ಪ್ರೀತಿಯ ಅಕ್ಕನಿಗೆ ಅನಂತ ನಮಸ್ಕಾರ.

ಈ ಸಲ ಒಂದು ಒಳ್ಳೆಯ ಸುದ್ದಿಯಿದೆ. ಪತ್ರ ತಡವಾದರೂ ಅದರಿಂದ ಸ್ವಲ್ಪ ಸರಿಹೋದೀತು. ಒಬ್ಬರು ಸಿಕ್ಕಿದ್ದಾರೆ.

ಸಿಕ್ಕಿದ ಬಗೆ ಕೇಳು. ಜೂನಿನಲ್ಲಿ ಅಂಗಡಿಗೆ ಒಬ್ಬ ಸಂಗೀತದ ಮೇಷ್ಟ್ರು ಬಂದರು. ಕನ್ನಡಕದ ಕಾಲು ಮುರಿದಿತ್ತು. ಹಾಕುತ್ತಿದ್ದ ಸ್ಕ್ರೂ ಕೈಯಿಂದ ಎರಡು ಸಲ ಬಿತ್ತು. "ಏನು, ಹುಷಾರಿಲ್ವಾ?" ಎಂದರು. ಅಷ್ಟು ಕೇಳಿದ್ದೇ ತಡ, ಗಿರಾಕಿಯ ಮುಂದೆ ನಿಂತು ಅತ್ತುಬಿಟ್ಟೆ ಅಕ್ಕ. ಅಂಗಡಿಯ ಮಾಲೀಕರು ಒಳಗಿನಿಂದ ಇಣುಕಿ ನೋಡಿ ಮತ್ತೆ ಒಳಗೆ ಹೋದರು. ಮೇಷ್ಟ್ರು ಎಲ್ಲ ಕೇಳಿ, ಚೀಟಿಯ ಹಿಂದೆ ಒಂದು ನಂಬರು ಬರೆದುಕೊಟ್ಟರು. "ನನ್ನ ತಮ್ಮ ಎರಡು ವರ್ಷ ಇವರ ಹತ್ರ ಹೋದ. ಈಗ ಕೆಲಸಕ್ಕೆ ಹೋಗ್ತಾನೆ. ಬೇಗ ಜಾಗ ಸಿಗಲ್ಲ, ಆದ್ರೂ ಕೇಳಿ ನೋಡಿ" ಅಂದರು.

ಬೇಗ ಸಿಗಲಿಲ್ಲ. ಆ ನಂಬರಿಗೆ ಫೋನ್ ಮಾಡಿದರೆ ಒಬ್ಬ ಹೆಂಗಸು, ಈಗ ಬರುತ್ತಿರುವವರಲ್ಲಿ ಯಾರಾದರೂ ಬಿಟ್ಟರೆ ಕರೆಯುತ್ತೇನೆ ಎಂದರು. ಯಾರದೋ ಮಗ, ಯಾರದೋ ಹೆಂಡತಿ ಬರುವುದನ್ನು ಬಿಡಲಿ ಎಂದು ಕಾಯುವುದು ಎಂಥ ಕಾಯುವಿಕೆ, ಹೇಳು! ಗುಣವಾಗಿ ಬಿಟ್ಟಿರಲಿ ಎಂದು ಮನಸ್ಸಿನಲ್ಲೇ ಕೇಳಿಕೊಳ್ಳುತ್ತಿದ್ದೆ. ಐದು ವಾರದ ಮೇಲೆ ಫೋನು ಬಂತು. ಪ್ರತಿ ಗುರುವಾರ, ಮೂರು ಗಂಟೆಗೆ.

ಇನ್ನು ಅವಳನ್ನು ಒಪ್ಪಿಸುವುದು. ಬರುವುದಿಲ್ಲ ಎಂದಳು. ಇವಳು ಅತ್ತಳು. ನಾನು ಮಂಚದ ಪಕ್ಕ ನೆಲದ ಮೇಲೆ ಕೂತೆ. "ಒಂದೇ ಸಲ ಬಾ ಮಗಳೇ. ನಿನಗೋಸ್ಕರ ಅಲ್ಲ. ನನಗೆ ಏನು ಮಾಡಬೇಕೋ ಗೊತ್ತಾಗ್ತಿಲ್ಲ. ಅವರು ನನಗಾದ್ರೂ ಹೇಳಲಿ" ಎಂದೆ. ಬಹಳ ಹೊತ್ತು ನನ್ನ ತಲೆಯನ್ನೇ ನೋಡಿದಳು. "ನಿಮ್ಮ ಕೂದಲು ಎಷ್ಟು ಬೆಳ್ಳಗಾಯ್ತಪ್ಪ" ಅಂದಳು. ಆಮೇಲೆ ಎದ್ದು ಚಪ್ಪಲಿ ಹುಡುಕಿದಳು.

ನಿನ್ನೆ ಹೋಗಿದ್ದೆವು. ಎರಡು ಬಸ್ಸು ಬದಲಾಯಿಸಬೇಕು. ನಮ್ಮನ್ನು ಬಲ್ಲವರು ಆ ಕಡೆ ಯಾರೂ ಇಲ್ಲ, ಅದೇ ದೊಡ್ಡ ಸಮಾಧಾನ. ಹತ್ತಿರದವರು ಬೇಕೆಂದು ಹುಡುಕಿ ಹುಡುಕಿ, ಕೊನೆಗೆ ದೂರದವರು ಸಿಕ್ಕರೆಂದು ನಿಟ್ಟುಸಿರು ಬಿಟ್ಟೆವು. ನೆಲ ಅಂತಸ್ತಿನ ಒಂದು ಕೋಣೆ, ಎರಡು ಬೆತ್ತದ ಕುರ್ಚಿ, ಒಂದು ಮೇಜು ಫ್ಯಾನು. ಕಿಟಕಿಯಿಂದ ಪಕ್ಕದ ಮನೆಯವರ ಒಣಗುವ ಬಟ್ಟೆ ಕಾಣುತ್ತದೆ. ಆ ಹೆಂಗಸಿಗೆ ನಲವತ್ತು ಇರಬಹುದು, ಮೋಟು ಕೂದಲು, ಕನ್ನಡಕ ಮೈನಸ್ ನಾಲ್ಕಕ್ಕೆ ಕಡಿಮೆಯಿಲ್ಲ. ಮೂಗಿನ ಮೇಲೆ ಕೂರುವ ಅದರ ಗುಂಡಿ ಒಂದು ಕಡೆ ಸೊಟ್ಟಗಾಗಿತ್ತು, ನನ್ನ ಕೈ ತುರಿಸುತ್ತಿತ್ತು, ಸುಮ್ಮನಿದ್ದೆ. "ನಮಸ್ಕಾರಮ್ಮ, ಎಲ್ಲಿ ಕೂತ್ಕೋತೀರಿ?" ಎಂದು ಅವಳನ್ನು ಕೇಳಿದರು. ಇಷ್ಟು ತಿಂಗಳಲ್ಲಿ ಅವಳಿಗೆ ಏನು ಇಷ್ಟ ಎಂದು ಯಾರೂ ಕೇಳಿರಲಿಲ್ಲ. ಅವಳು ಕಿಟಕಿಯ ಕಡೆಯ ಕುರ್ಚಿ ತೋರಿಸಿದಳು. ನನ್ನನ್ನು ಹೊರಗೆ ಕೂರಿಸಿದರು.

ಹೊರಗಿನ ಬೆಂಚಿನಲ್ಲಿ ಮುಕ್ಕಾಲು ಗಂಟೆ ಕೂತಿದ್ದೆ. ಮೊದಲು ಏನೂ ಕೇಳಲಿಲ್ಲ. ಆಮೇಲೆ ಅವಳ ಧ್ವನಿ ಬಂತು. ಮಾತು ತಿಳಿಯುತ್ತಿರಲಿಲ್ಲ, ಧ್ವನಿ ಮಾತ್ರ. ನಿಂತಿತು, ಮತ್ತೆ ಶುರುವಾಯಿತು, ಉದ್ದಕ್ಕೆ ಹೋಯಿತು. ಎಂಟು ತಿಂಗಳಲ್ಲಿ ನನ್ನ ಜೊತೆ ಆಡಿದ್ದಕ್ಕಿಂತ ಹೆಚ್ಚು ಮಾತು. ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಜೊತೆಗೆ ಹೊಟ್ಟೆಕಿಚ್ಚೂ ಆಯಿತು, ನಿನ್ನ ಹತ್ತಿರ ಮುಚ್ಚಿಡುವುದೇಕೆ. ಯಾವಳೋ ಸೊಟ್ಟ ಕನ್ನಡಕದವಳಿಗೆ ಹೇಳುವುದನ್ನು ನನಗೇಕೆ ಹೇಳಲಿಲ್ಲ ಎಂದು.

ಹೊರಗೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು. "ಮುಂದಿನ ವಾರ ಬರ್ತೀನಿ ಅಂದಿದೀನಿ" ಎಂದಳು. ಮನೆಗೆ ಬಂದ ಮೇಲೆ ಇವಳಿಗೆ ಹೇಳಿದೆ. ಇವಳು ಒಲೆಯ ಮುಂದೆ ನಿಂತವಳು ಹಾಗೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಎಷ್ಟು ದಿನ ಬೇಕಾಗುತ್ತದೋ, ಗುಣವಾಗುತ್ತದೋ ಇಲ್ಲವೋ, ಏನೂ ಗೊತ್ತಿಲ್ಲ. ಕೇಳಿದ್ದಕ್ಕೆ ಆ ಹೆಂಗಸು, "ಮಾತು ಕೊಡೋಕೆ ಆಗಲ್ಲ, ಆದ್ರೆ ನಾನು ಇಲ್ಲೇ ಇರ್ತೀನಿ" ಅಂದರು. ಅವಳು ಚೆನ್ನಾಗಿರಲಿ ಎಂದು ನೀನು ದಿನಾ ಒಂದು ಗಳಿಗೆ ಅಂದುಕೋ. ನೀನು ಅಂದುಕೊಂಡದ್ದು ಆಗುತ್ತದೆ ಎಂದು ಚಿಕ್ಕಂದಿನಿಂದ ನನಗೊಂದು ನಂಬಿಕೆ. ನಮ್ಮಿಬ್ಬರಿಗೂ ನಿನ್ನ ಆಶೀರ್ವಾದವಿರಲಿ. ಅವಳಿಗೆ ಎರಡು ಪಟ್ಟು ಇರಲಿ.

ಎಂದೆಂದೂ ನಿನ್ನ,
ಗಿಡ್ಡ

ಮತ್ತೆ: ಲಕೋಟೆಗೆ ಅಂಟು ಹಾಕಿದ್ದೆ. ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಇದನ್ನು ಬರೆಯದಿದ್ದರೆ ಮೇಲೆ ಬರೆದದ್ದಕ್ಕೆಲ್ಲ ಅರ್ಥವಿಲ್ಲ.

ನಿನ್ನೆ ಕೊನೆಯಲ್ಲಿ ಆ ಹೆಂಗಸು ನನ್ನನ್ನೂ ಒಳಗೆ ಕರೆದರು. ಒಂದು ಹಾಳೆ ಇಟ್ಟುಕೊಂಡು ಮನೆಯವರ ಆರೋಗ್ಯದ ಬಗ್ಗೆ ಕೇಳಿದರು. ಸಕ್ಕರೆ ಕಾಯಿಲೆ ಯಾರಿಗಿತ್ತು, ರಕ್ತದೊತ್ತಡ ಯಾರಿಗಿತ್ತು. ಆಮೇಲೆ, ಅದೇ ಮೆತ್ತನೆಯ ಧ್ವನಿಯಲ್ಲಿ, "ನಿಮ್ಮ ಕಡೆ ಅಥವಾ ನಿಮ್ಮ ಮನೆಯವರ ಕಡೆ ಯಾರಿಗಾದ್ರೂ ಮನಸ್ಸಿನ ತೊಂದರೆ ಇತ್ತಾ? ಯಾರಾದ್ರೂ ಜೀವ ಕಳ್ಕೊಂಡಿದ್ದು?" ಎಂದು ಕೇಳಿದರು.

"ಇಲ್ಲ" ಎಂದೆ. ಯೋಚಿಸಲೂ ಇಲ್ಲ. ಅವರು 'ಇಲ್ಲ' ಎಂದು ಬರೆದುಕೊಂಡರು. ಮಗಳು ನನ್ನನ್ನೇ ನೋಡುತ್ತಿದ್ದಳು.

ಬಸ್ಸಿನಲ್ಲಿ ಕೇಳಿದಳು: "ಅಜ್ಜಿ ಹೇಗೆ ಹೋದ್ರು ಅಪ್ಪ?"

"ಜ್ವರ ಬಂದು" ಎಂದೆ.

"ಎಷ್ಟು ದಿನ ಇತ್ತು ಜ್ವರ?"

ಇದನ್ನು ನನ್ನನ್ನು ಇದುವರೆಗೆ ಯಾರೂ ಕೇಳಿರಲಿಲ್ಲ ಅಕ್ಕ. ನೀನೂ ಹೇಳಿಕೊಟ್ಟಿರಲಿಲ್ಲ. ಬಾಯಿಗೆ ಬಂದದ್ದು, "ಮೂರು ದಿನ" ಎಂದುಬಿಟ್ಟೆ. ಅವಳು "ಮೂರೇ ದಿನಾನಾ" ಎಂದು ಕಿಟಕಿಯ ಕಡೆ ತಿರುಗಿದಳು.

ಅಮ್ಮ ಜ್ವರದಿಂದ ಹೋಗಲಿಲ್ಲ ಎಂದು ನನಗೆ ಗೊತ್ತು. ನನಗೆ ಗೊತ್ತಿದೆಯೆಂದು ನಿನಗೆ ಗೊತ್ತಿಲ್ಲ. ಅವತ್ತು ನಮಗೆ ಅರ್ಧ ದಿನ ಶಾಲೆ. ನಾನು ಮನೆಗೆ ಬಂದಾಗ ಜನ ಸೇರಿದ್ದರು. ಒಳಕೋಣೆಯ ಬಾಗಿಲಿನ ಚಿಲಕ ಕಿತ್ತು, ಒಂದು ಮೊಳೆಯ ಮೇಲೆ ನೇತಾಡುತ್ತಿತ್ತು. ನೀನು ಓಡಿ ಬಂದು, ನಿನಗೂ ಆಗ ಹದಿನೈದೇ ವರ್ಷ, ನನ್ನ ಮುಖವನ್ನು ನಿನ್ನ ಹೊಟ್ಟೆಗೆ ಒತ್ತಿಕೊಂಡೆ. "ಅಮ್ಮಂಗೆ ಜ್ವರ ಕಣೋ ಗಿಡ್ಡ, ಜ್ವರ" ಎಂದು ಹೇಳುತ್ತಲೇ ಇದ್ದೆ. ನಿನ್ನ ಹೊಟ್ಟೆ ಅಳುವಿಗೆ ನಡುಗುತ್ತಿತ್ತು. ನಿನ್ನ ಲಂಗದ ಸಂದಿಯಿಂದ ನಾನು ಬಾಗಿಲು ನೋಡಿದೆ. ಹಿಂದೆ ನಿಂತಿದ್ದ ಹೆಂಗಸರ ಮಾತೂ ಕಿವಿಗೆ ಬಿತ್ತು. ಆರು ವರ್ಷದವನಿಗೆ ಎಲ್ಲ ತಿಳಿಯುವುದಿಲ್ಲ. ಆದರೆ ಮರೆತೂ ಹೋಗುವುದಿಲ್ಲ.

ಅದಕ್ಕೆ ಮೊದಲು ಅಮ್ಮ ಹೇಗಿದ್ದಳು ಎಂಬುದೂ ನೆನಪಿದೆ. ಅವಳ ತಲೆ ನೀನು ಬಾಚುತ್ತಿದ್ದೆ. ನಮ್ಮಿಬ್ಬರಿಗೂ ನೀನೇ ಬಡಿಸುತ್ತಿದ್ದೆ. ಅಮ್ಮ ಬಾಗಿಲ ಬಳಿ ಕೂತು ನೋಡುತ್ತಿದ್ದಳು, ಅಷ್ಟೇ. ಅವಳ ಮಾತು ಕೇಳುವವರು ಯಾರೂ ಇರಲಿಲ್ಲ. ಅಪ್ಪನಿಗೆ ಕೇಳಲು ಬರುತ್ತಿರಲಿಲ್ಲ. ನಾವು ಮಕ್ಕಳು.

ಫೆಬ್ರವರಿಯಲ್ಲಿ, ಏಳದೆ ಇದ್ದುಬಿಟ್ಟರೆ ಚೆನ್ನ ಎಂದು ಮಗಳು ಅಂದ ದಿನವೇ, ಅವಳ ಕೋಣೆಯ ಚಿಲಕ ಬಿಚ್ಚಿದೆ. ಸ್ಕ್ರೂ ಸಡಿಲವಾಗಿತ್ತು, ಹೊಸದು ತರಬೇಕು ಎಂದು ಇವಳಿಗೆ ಹೇಳಿದ್ದೇನೆ. ಇನ್ನೂ ತಂದಿಲ್ಲ, ಯಾಕೆ ತಂದಿಲ್ಲ ಎಂದು ಇವಳು ಬೈಯುತ್ತಿರುತ್ತಾಳೆ. ಇವಳಿಗೂ ಅಮ್ಮನ ಜ್ವರದ ಕತೆಯೇ ಗೊತ್ತಿರುವುದು.

ನಲವತ್ತಾರು ವರ್ಷ ನೀನು ನನ್ನನ್ನು ಕಾಪಾಡಲು ಜ್ವರ ಅಂದೆ. ನೀನು ನೊಂದುಕೊಳ್ಳಬಾರದೆಂದು ನಾನೂ ಜ್ವರ ಅಂದೆ. ನಮ್ಮಿಬ್ಬರ ನಡುವೆ ಅದು ಹಾಗೇ ಇದ್ದುಬಿಡಬಹುದಿತ್ತು. ಆದರೆ ಈಗ ಆ ಹುಡುಗಿ, ತನ್ನೊಬ್ಬಳಿಗೇ ಹೀಗಾಗಿದೆ, ತಾನೇ ಏನೋ ಕೆಟ್ಟುಹೋಗಿದ್ದೇನೆ ಎಂದುಕೊಂಡು ಮಲಗಿದ್ದಾಳೆ. ಆ ಹೆಂಗಸಿನ ಹಾಳೆಯಲ್ಲಿ ನನ್ನ 'ಇಲ್ಲ' ಕೂತಿದೆ. ಕನ್ನಡಕ ಮಾಡುವವರಿಗೆ ಕಣ್ಣಿನ ತಪ್ಪು ನಂಬರು ಕೊಟ್ಟ ಹಾಗೆ.

ಇದನ್ನು ಹೇಳಲು ನಿನ್ನ ಅಪ್ಪಣೆ ಬೇಕು. ಅಮ್ಮ ನನಗಿಂತ ಹೆಚ್ಚು ನಿನ್ನವಳು. ಕದ ತೆಗೆದ ಮೇಲೆ ಒಳಗೆ ಹೋದವಳು ನೀನು. ಆದರೆ ಈ ಪತ್ರ ನಿನ್ನನ್ನು ಮುಟ್ಟಲು ನಾಲ್ಕು ದಿನ, ನಿನ್ನ ಉತ್ತರ ಬರಲು ಮತ್ತೆ ನಾಲ್ಕು ದಿನ. ಅಷ್ಟರಲ್ಲಿ ಗುರುವಾರ ಬಂದು ಹೋಗಿರುತ್ತದೆ. ಆ ಕೋಣೆಯಲ್ಲಿ ಮಗಳ ಎದುರು ಕೂತು ಬಾಯಿ ಬಿಡುತ್ತೇನೋ ಇಲ್ಲವೋ, ನನಗೆ ಗೊತ್ತಿಲ್ಲ.

ಹೇಳಿ ಬಂದಿದ್ದರೆ ಬೈಯಬೇಡ ಅಕ್ಕ. ಹೇಳದೆ ಬಂದಿದ್ದರೆ ಬೈ.